ಚಿಕ್ಕವಳ ರಜೆ

ರೀ,

ನೀವು ಏಳೋ ಹೊತ್ತಿಗೆ ನಾನು ಆಸ್ಪತ್ರೆ ಡ್ಯೂಟಿಗೆ ಹೋಗಿರ್ತೀನಿ. ದೊಡ್ಡೋನ ಡಬ್ಬಿ ಕಟ್ಟಿಟ್ಟಿದ್ದೀನಿ. ಇಬ್ಬರಿಗೂ ಟೋಪಿ ಹಾಕದೆ ಹೊರಗೆ ಬಿಡಬೇಡಿ. ನೀವು ಹೊಗಳಿ ಅಟ್ಟಕ್ಕೇರಿಸಿದ ಈ ಊರಿನ ಬಿಸಿಲಿಗೆ ಅವನ ಕೆನ್ನೆ ಸುಟ್ಟುಹೋಗಿದೆ. ಸಮುದ್ರದಿಂದ ಬಂದ್ಮೇಲೆ ಟವೆಲುಗಳನ್ನ ಬಾಲ್ಕನೀಲೇ ಕೊಡವಿ ತನ್ನಿ. ಹಾಸಿಗೆಯಲ್ಲೂ ಮರಳು, ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದುಹೋಯ್ತು.

ಇನ್ನು ನಿಮ್ಮ ಮುದ್ದಿನ ಮಗಳು. ಇವತ್ತೂ ಎದ್ದವಳೇ ಬ್ಯಾಗು ಬೆನ್ನಿಗೇರಿಸ್ಕೊಂಡು ಬಾಗಿಲ ಹತ್ರ ಕೂತಿದ್ಲು. "ರಜೆ ಮುಗೀತಲ್ಲಮ್ಮ, ನಮ್ಮನೆಗೆ ಯಾವಾಗ ಹೋಗೋದು?" ಅಂತಾಳೆ. ದೇಶ ಬಿಡೋವಾಗ ಅತ್ತು ರಂಪ ಮಾಡ್ತಾಳೆ ಅಂತ, "ರಜೆಗೆ ಸಮುದ್ರ ನೋಡ್ಕೊಂಡು ಬರೋಣ ಪುಟ್ಟಿ" ಅಂತ ಮೂಗಿಗೆ ತುಪ್ಪ ಸವರಿದೋರು ನೀವು. ದಿನಾ ಬೆಳಿಗ್ಗೆ ಉತ್ತರ ಹುಡುಕೋಕೆ ಮಾತ್ರ ನಾನಾ? ಐಸ್‌ಕ್ರೀಂ ಕೊಡಿಸಿ ಮರೆಸೋ ಆಟ ಇನ್ನು ನಡೆಯಲ್ಲ. ಸಂಜೆ ನೀವೇ ಅವಳನ್ನ ಪಕ್ಕದಲ್ಲಿ ಕೂರಿಸ್ಕೊಂಡು, ನಾವು ವಾಪಸ್ ಹೋಗಲ್ಲ, ಇನ್ಮೇಲೆ ಇದೇ ನಮ್ಮನೆ ಅಂತ ಬಾಯಿಬಿಟ್ಟು ಹೇಳಿ.

ಆದ್ರೆ ನಾನು ಬರೋವರೆಗೂ ಕಾಯಿರಿ. ಹೇಳೋವಾಗ ನನ್ನನ್ನೂ ಪಕ್ಕದಲ್ಲಿ ಕೂರಿಸ್ಕೊಳ್ಳಿ. ಮಂಚದ ಕೆಳಗಿರೋ ನನ್ನ ಸೂಟ್‌ಕೇಸನ್ನ ನಾನಿನ್ನೂ ಬಿಚ್ಚಿಲ್ಲ.