ಅರ್ಧ ಔಷಧಿಯ ಜಾಣತನ

ಬುಧವಾರ, ೧೪

ಡೈರಿಯಲ್ಲಿ ಇವತ್ತೂ ಹಾಲು ಕೆಟ್ಟಿತು. ಬೆಳಗಿನ ಪಾಳಿಯಲ್ಲಿ ಹಾಲಿನ ಪೈಪು ತೊಳೆಯುವ ಹೆಂಗಸಿಗೆ ನಾಳೆಯಿಂದ ಬರಬೇಡ ಅಂದುಬಿಟ್ಟರು. ರಾತ್ರಿ ಪಾಳಿ ಮುಗಿಸಿ ಪಕ್ಕದಲ್ಲೇ ನಿಂತಿದ್ದ ನಾನು, ಈಗಿನವರಿಗೆ ಕೈಯಲ್ಲಿ ಕಸುವೇ ಇಲ್ಲ ಅಂತ ಬೇರೆ ಸೇರಿಸಿದೆ.

ಸಂಜೆ ಅಕ್ಕನ ಮಗಳಿಗೆ ಇದನ್ನೆಲ್ಲ ಹೇಳುತ್ತಾ ಜಂಬ ಕೊಚ್ಚಿದೆ. ಅವಳು ಬ್ಯಾಕ್ಟೀರಿಯಾದ ಬಗ್ಗೆಯೇ ಓದಿದವಳು. "ರಾತ್ರಿ ಪಾಳೀಲಿ ನಾನು ತೊಳೆಯೋ ಔಷಧಿ ಅರ್ಧಾನೇ ಹಾಕೋದು. ಆದ್ರೂ ಪೈಪು ಫಳಫಳ! ಕಂಪನಿಗೂ ಉಳಿತಾಯ."

ಅವಳು ನಗಲಿಲ್ಲ. "ಅಯ್ಯೋ ಮಾಮ, ಅರ್ಧ ಹಾಕಿದ್ರೆ ಬ್ಯಾಕ್ಟೀರಿಯಾ ಸಾಯಲ್ಲ, ಎಚ್ಚೆತ್ತುಕೊಳ್ತವೆ. ಕಷ್ಟ ಬಂತು ಅಂತ ಗೊತ್ತಾದ್ರೆ ಒಳಗೆ ಮಲಗಿದ್ದ ಕೆಲವು ಜೀನುಗಳು ಕೆಲಸ ಶುರು ಮಾಡ್ತವೆ. ಈಜೋದು ಬಿಟ್ಟು ಪೈಪಿಗೆ ಅಂಟಿಕೊಂಡು, ಮೇಲೆ ಲೋಳೆ ಮೆತ್ತಿ ಮನೆ ಕಟ್ಟಿಬಿಡ್ತವೆ. ಆಮೇಲೆ ಪೂರ್ತಿ ಔಷಧಿಗೂ ಜಗ್ಗಲ್ಲ."

"ಹಾಗಾದ್ರೆ ನಾನೇ ಅವಕ್ಕೆ ಮೇಸ್ತ್ರಿ ಅನ್ನು," ಅಂತ ನಕ್ಕೆ.

"ಕೆಲಸ ಹೋಯ್ತಲ್ಲ, ಆ ಹೆಂಗಸು ಎಷ್ಟು ಹಾಕ್ತಿದ್ರು?"

ಪೂರ್ತಿ ಹಾಕುತ್ತಿದ್ದಳು. ದುಂದುಗಾರ್ತಿ ಅಂತ ಅವಳನ್ನು ಆಡಿಕೊಳ್ಳುತ್ತಿದ್ದವನೂ ನಾನೇ. ಪಾಳಿಗೆ ಹೊತ್ತಾಯ್ತು ಅಂತ ಎದ್ದುಬಂದೆ.

ಮ್ಯಾನೇಜರ್ ಹತ್ತಿರ ಬಾಯಿಬಿಡಲೇಬೇಕು. ಕನ್ನಡಿ ಮುಂದೆ ಹೇಳಿ ನೋಡಿದೆ. "ಔಷಧಿ ಸ್ವಲ್ಪ ಕಮ್ಮಿ ಆಗಿರಬಹುದು ಸಾರ್" ಅಂತ ಬಂತು. ಥೂ ನನ್ನ. ಇನ್ನೊಮ್ಮೆ ಶುರುಮಾಡಿದರೆ "ನಾವಿಬ್ಬರೂ" ಅಂತ ಬಂತು. ದಿನವಿಡೀ ನಾನು, ನಾನು ಅಂತ ಮೆರೆಯುವ ಬಾಯಿಗೆ ಇವತ್ತು ಆ ಒಂದು ಮಾತೇ ಬರುತ್ತಿಲ್ಲ.