ಎಲ್ಲಾ ನೋಡ್ತೀನ್ರಿ

ಸಿಂಧನೂರು
೧೨ ಫೆಬ್ರವರಿ ೨೦೨೫, ಬುಧವಾರ

ಪ್ರೀತಿಯ ತಾತನಿಗೆ, ನಿನ್ನ ರಂಜನಿಯ ಶರಣು.

ಹೇಗಿದ್ದೀಯಾ? ಮೊಣಕಾಲು ಈಗ ಹೇಗಿದೆ? ಹಿಂದಿನ ಸಲ ಮಸ್ಕಿಗೆ ಬಂದಾಗ ನೀನು ಮೆಟ್ಟಿಲಿಳಿಯಲು ಗೋಡೆ ಹಿಡಿಯುತ್ತಿದ್ದೆ, ನಾನು ನೋಡಿದೆ ಎಂದು ಗೊತ್ತಾದ ಕೂಡಲೇ ಕೈ ಬಿಟ್ಟೆ. ಬಿಡಬೇಡ, ಹಿಡಿದೇ ಇಳಿ. ಯಾರೂ ನಿನ್ನನ್ನು ಮುದುಕ ಅನ್ನುವುದಿಲ್ಲ. ಅಂದರೂ ನಿನಗೆ ಕೇಳಿಸುವುದಿಲ್ಲ. ಸಿಟ್ಟಾಗಬೇಡ ತಾತ, ತಮಾಷೆಗೆ ಬರೆದೆ. ಕಿವಿಗೆ ತಂದ ಮಷೀನು ಇನ್ನೂ ಡಬ್ಬಿಯಲ್ಲೇ ಇದೆಯಂತೆ, ಮಾವ ಹೇಳಿದ. ಸಿಳ್ಳೆ ಹೊಡೆಯುತ್ತದೆ ಎಂದರೆ ಕೊಟ್ಟ ಅಂಗಡಿಯವರಿಗೇ ತೋರಿಸು, ಸರಿ ಮಾಡಿಕೊಡುತ್ತಾರೆ. ಈ ಕಾಲದಲ್ಲಿ ಕಾಗದ ಬರೆಯುತ್ತಾಳೆ ಎಂದು ನಿಮ್ಮೂರಿನ ಪೋಸ್ಟ್‌ಮನ್ ನಗಬಹುದು. ನಗಲಿ ಬಿಡು. ಫೋನಿನಲ್ಲಿ ನಾನು ಏನು ಕೇಳಿದರೂ ನೀನು "ಹೂಂ, ಊಟ ಆತವಾ" ಎನ್ನುತ್ತೀ. ನಿನಗೆ ಕೇಳಿಸುವಷ್ಟು ಜೋರಾಗಿ ಮಾತಾಡಿದರೆ ಅಪ್ಪನಿಗೂ ಕೇಳಿಸುತ್ತದೆ. ಈ ವಿಷಯ ಅಪ್ಪನಿಗೆ ಕೇಳಿಸಬಾರದು. ಅದಕ್ಕೇ ಕಾಗದ.

ಇಲ್ಲಿ ಎಲ್ಲರೂ ಆರಾಮ. ಅವ್ವನಿಗೆ ಶಿವರಾತ್ರಿಗೆ ಮೊದಲು ಮನೆ ಸುಣ್ಣ ಬಳಿಸಬೇಕು ಎಂಬ ಗಡಿಬಿಡಿ. ಅಪ್ಪನ ಗೊಬ್ಬರದ ಅಂಗಡಿಯಲ್ಲಿ ಈಗ ಕೈ ಬಿಡುವಿಲ್ಲ, ಕಾಲುವೆಗೆ ನೀರು ಬಿಟ್ಟಿದ್ದಾರೆ, ಎರಡನೇ ಬೆಳೆಗೆ ಜನ ಮುಗಿಬಿದ್ದಿದ್ದಾರೆ. ನಾನು ಬೆಳಿಗ್ಗೆ ಹೋಗಿ ಕಂಪ್ಯೂಟರಿನಲ್ಲಿ ಬಿಲ್ಲು ಹೊಡೆದುಕೊಟ್ಟು ಮಧ್ಯಾಹ್ನ ಮನೆಗೆ ಬರುತ್ತೇನೆ. ಲಿಂಗಸೂಗೂರಿನಿಂದ ನನಗೆ ಬಂದಿದ್ದ ಸಂಬಂಧ ಮುರಿದ ಸುದ್ದಿ ಮಾವ ನಿನಗೆ ಹೇಳಿರಬೇಕು. ಬೇಡ ಅಂದದ್ದು ಅವರಲ್ಲ, ನಾವು. ಅದನ್ನು ಬರೆಯಲೆಂದೇ ಕುಳಿತಿದ್ದೇನೆ, ಆದರೆ ನೇರ ಅಲ್ಲಿಗೆ ಹೋಗಲು ಬಾಯಿ ಬರುತ್ತಿಲ್ಲ. ಸಿನಿಮಾದಿಂದ ಶುರು ಮಾಡುತ್ತೇನೆ. ಕೆಟ್ಟದ್ದೂ ಅಲ್ಲಿಂದಲೇ.

ನಿನಗೆ ಗೊತ್ತು, ನಾನು ಸಿನಿಮಾ ಹುಚ್ಚಿಯಲ್ಲ. ಹೀರೋನ ಫೋಟೋ ಇಟ್ಟುಕೊಂಡವಳಲ್ಲ, ಮೊದಲ ದಿನದ ಟಿಕೆಟ್ಟಿಗೆ ಗುದ್ದಾಡಿದವಳಲ್ಲ. ಸಿಕ್ಕರೆ ನೋಡುತ್ತೇನೆ, ನೋಡಿದ ಮೇಲೆ ಸುಮ್ಮನಿರಲು ಆಗುವುದಿಲ್ಲ, ಅಷ್ಟೇ. ಅದು ನೀನು ಹಚ್ಚಿದ ಚಟ. ಶಾಲೆಯ ಸೂಟಿಗೆ ಮಸ್ಕಿಗೆ ಬಂದಾಗಲೆಲ್ಲ ನಿನ್ನ ಜೊತೆ ಟಿವಿ ಮುಂದೆ ಕೂತು, ಧ್ವನಿ ಪೂರ್ತಿ ಇಳಿಸಿ ಪಿಚ್ಚರ್ ನೋಡುತ್ತಿದ್ದೆ. ಕೇಳಿಸದ ನಿನಗೆ ಅದು ಇದ್ದರೆಷ್ಟು, ಬಿಟ್ಟರೆಷ್ಟು. "ಆವಾಜ್ ಇಲ್ದ ನೋಡವಾ, ಯಾರು ಖರೇ ಅಳಾಕತ್ತಾರ, ಯಾರು ಸುಳ್ಳ ಅಳಾಕತ್ತಾರ ಗೊತ್ತಾಕ್ಕೈತಿ" ಎನ್ನುತ್ತಿದ್ದೆ. ಹಾಗೆ ನೋಡಿ ನೋಡಿ ನನಗೆ ಎಲ್ಲದರ ಮೇಲೂ ಒಂದೊಂದು ಮಾತು ಹುಟ್ಟಿಬಿಟ್ಟಿದೆ. ಹೊಡೆದಾಟದ ಪಿಚ್ಚರ್ ನನಗೆ ಸೇರುವುದಿಲ್ಲ. ಊರಷ್ಟು ಜನರನ್ನು ಹೊಡೆದವನು ಒಂದು ಗುಟುಕು ನೀರು ಕುಡಿಯುವುದಿಲ್ಲ, ಅಂಗಿ ಪ್ಯಾಂಟಿನಿಂದ ಹೊರಗೆ ಬರುವುದಿಲ್ಲ. ಅಪ್ಪನಿಗೆ ಅವೇ ಬೇಕು, ಅದರಲ್ಲೂ ತೆಲುಗಿನವು. ಆದರೆ ಟ್ರ್ಯಾಕ್ಟರ್ ಹಾರಿಸಿದಾಗ ಮಾತ್ರ "ಆ ಗಾಡಿಗೆ ಅಷ್ಟ್ ಪಿಕಪ್ ಇಲ್ಲಲೇ" ಎಂದು ಬೈಯುತ್ತಾನೆ. ದೆವ್ವದ ಪಿಚ್ಚರ್ ಬಾಗಿಲು ಕಿರ್ರೆನ್ನುವವರೆಗೆ ಚೆನ್ನಾಗಿರುತ್ತದೆ. ದೆವ್ವ ಬಾಯಿ ಬಿಟ್ಟು ತನಗೆ ಆದ ಅನ್ಯಾಯ ಹೇಳಿಕೊಂಡಿತೋ, ಹೆದರಿಕೆ ಹೋಗಿ ಪಾಪ ಅನ್ನಿಸುತ್ತದೆ. ಯಾವ ದೆವ್ವ ನೋಡಿದರೂ ಹೆಂಗಸೇ, ಮತ್ತು ಬದುಕಿದ್ದಾಗ ಅವಳ ಮಾತನ್ನು ಯಾರೂ ಕೇಳಿರುವುದಿಲ್ಲ. ಭಕ್ತಿಯ ಪಿಚ್ಚರ್ ಅವ್ವನವು. ಮನೆ ಹೋಗಿ, ಮಗು ಹೋಗಿ, ಕಣ್ಣು ಹೋದ ಮೇಲೆ ದೇವರು ಬರುತ್ತಾನೆ. ಇಂಟರ್ವಲ್‌ಗೇ ಬಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿ ಒಮ್ಮೆ ತಲೆಗೆ ಮೊಟಕಿಸಿಕೊಂಡಿದ್ದೇನೆ. ಪ್ರೀತಿಯ ಪಿಚ್ಚರ್‌ನಲ್ಲಿ ಮೊದಲರ್ಧ ಹುಡುಗ ಹುಡುಗಿಯ ಬೆನ್ನು ಹತ್ತುತ್ತಾನೆ. ನಮ್ಮ ಗಾಂಧಿ ಸರ್ಕಲ್ಲಿನಲ್ಲಿ ಹಾಗೆ ಮಾಡಿದರೆ ಹಾಡಲ್ಲ, ಚಪ್ಪಲಿ ಬರುತ್ತದೆ.

ಇನ್ನು ಮನೆತನದ ಪಿಚ್ಚರ್. ಅಣ್ಣ ತಮ್ಮಂದಿರು, ಪಾಲು, ಕೊನೆಗೆ ಎಲ್ಲರೂ ಒಂದಾಗಿ ಫೋಟೋ. ಅದನ್ನು ನಾನು ಬಹಳ ಹಗುರವಾಗಿ ಕಾಣುತ್ತಿದ್ದೆ. ಅಂಥದ್ದೇ ಒಂದಕ್ಕೆ ನಮ್ಮನ್ನು ಕರೆದುಕೊಂಡು ಹೋದರು.

ಸಂಕ್ರಾಂತಿ ಮುಗಿದ ವಾರ ಅವರು ನೋಡಲು ಬಂದಿದ್ದರು. ನಿನಗೆ ಮೊಣಕಾಲು ಎಂದು ಬರಲಾಗಲಿಲ್ಲ. ನೀನು ಇದ್ದಿದ್ದರೆ ಎಂದು ಈಗ ದಿನಾ ಅಂದುಕೊಳ್ಳುತ್ತೇನೆ. ಹುಡುಗನ ಹೆಸರು ಚನ್ನಬಸವ, ಮನೆಯವರು ಚನ್ನು ಎನ್ನುತ್ತಾರೆ. ಲಿಂಗಸೂಗೂರು ಬಸ್‌ಸ್ಟ್ಯಾಂಡಿನ ಹತ್ತಿರ ಅವರದು ಬಟ್ಟೆ ಅಂಗಡಿ. ಉಪ್ಪಿಟ್ಟು, ಚಹಾ, ನನ್ನ ಓದು, ನನ್ನ ಅಡುಗೆ ಎಲ್ಲ ಆದ ಮೇಲೆ ಹುಡುಗನ ಅಕ್ಕ, ಮನೆಯಲ್ಲಿ ಹೀಗೆ ಬಿಗಿಯಾಗಿ ಕೂತರೆ ಯಾರ ಗುಣ ಯಾರಿಗೆ ತಿಳಿಯುತ್ತದೆ, ಎಲ್ಲರೂ ಮ್ಯಾಟಿನಿಗೆ ಹೋಗೋಣ ಅಂದರು. ಅಪ್ಪ ಹಿಂದೆ ಮುಂದೆ ನೋಡಿದ. ಹಿರಿಯರೂ ಬರುವುದಾದರೆ, ಮನೆತನದ ಪಿಚ್ಚರ್ ಆದರೆ ಆಗಲಿ ಎಂದ. ಎರಡೂ ಮನೆಯವರು ಒಂದೇ ಸಾಲಿನಲ್ಲಿ ಕೂತೆವು. ನನ್ನ ಮತ್ತು ಹುಡುಗನ ನಡುವೆ ಬಸವಣ್ಣೆಮ್ಮತ್ತೆ. ಅಪ್ಪನ ಆ ಅಕ್ಕ ನಡುವೆ ಕೂತ ಮೇಲೆ ಆ ಕಡೆ ಯಾರಿದ್ದಾರೆ ಎಂದು ಕಾಣಲು ಕತ್ತು ಎಷ್ಟು ಉದ್ದವಿದ್ದರೂ ಸಾಲದು, ನಿನಗೆ ಗೊತ್ತೇ ಇದೆ.

ಪಿಚ್ಚರ್‌ನಲ್ಲಿ ಅಣ್ಣ ತಮ್ಮ ಬೇರೆಯಾಗುತ್ತಾರೆ. ಜಗಳ, ಕೂಗಾಟ, ತಾಯಿ ಎದೆ ಬಡಿದುಕೊಳ್ಳುವುದು ಎಲ್ಲ ಇತ್ತು, ಅಲ್ಲಿ ಯಾರೂ ಅಳಲಿಲ್ಲ. ಆಮೇಲೆ ಒಂದು ಸಣ್ಣ ಜಾಗ ಬರುತ್ತದೆ. ಅಣ್ಣ ಸಂತೆಯಿಂದ ಕಾಯಿಪಲ್ಲೆಯ ಚೀಲ ಹಿಡಿದು ಬರುವವನು, ರೂಢಿಯ ಮೇಲೆ ಹಳೆಯ ಮನೆಯ ಬಾಗಿಲಿಗೇ ಬಂದುಬಿಡುತ್ತಾನೆ. ಚಪ್ಪಲಿಯನ್ನೂ ಬಿಡುತ್ತಾನೆ. ಆಗ ನೆನಪಾಗುತ್ತದೆ. ಚಪ್ಪಲಿ ಮತ್ತೆ ಮೆಟ್ಟಿಕೊಂಡು ಸುಮ್ಮನೆ ತಿರುಗಿ ಹೋಗುತ್ತಾನೆ. ಅಲ್ಲಿ ಮಾತಿಲ್ಲ, ಸಂಗೀತವೂ ಇಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಫೋನು ತೆಗೆದು ನೋಡುತ್ತಿದ್ದರು. ನಾನು ಕೂಡ ಅವ್ವನ ಕಿವಿಯಲ್ಲಿ ಏನೋ ಹೇಳುತ್ತಿದ್ದೆ. ಅತ್ತೆಯ ಆಚೆ ಕೂತಿದ್ದ ಅವರು ಅತ್ತರು ತಾತ. ಕರವಸ್ತ್ರ ತೆಗೆದು ಮುಖಕ್ಕೆ ಹಿಡಿದು, ಸದ್ದಿಲ್ಲದೆ ಅತ್ತರು. ಅತ್ತೆ ನನ್ನ ಮೊಣಕೈ ತಿವಿದು ತೋರಿಸಿದಳು, ಹಾಗಾಗಿ ನೋಡಿದೆ. ಖರೇ ಅಳು. ನೀನು ಕಲಿಸಿದ್ದು ನನಗೆ ತಪ್ಪುವುದಿಲ್ಲ.

ಇಂಟರ್ವಲ್‌ನಲ್ಲಿ ಅವರು ಎಲ್ಲರಿಗೂ ಪಾಪ್‌ಕಾರ್ನ್ ತಂದುಕೊಟ್ಟರು. ಕಣ್ಣು ಕೆಂಪಗಿತ್ತು, ಮುಚ್ಚಿಕೊಳ್ಳಲೂ ಇಲ್ಲ. ಮೆಟ್ಟಿಲ ಹತ್ತಿರ ಅವರ ಅಕ್ಕ ನಮ್ಮಿಬ್ಬರನ್ನು ಒಂದು ಘಳಿಗೆ ಬಿಟ್ಟು ಆಚೆ ನಿಂತರು. ಅವರು ಕೇಳಿದ್ದು ಒಂದೇ. "ನಿಮಗ ಎಂಥಾ ಪಿಚ್ಚರ್ ಸೇರ್ತಾವ್ರಿ?"

ತಾತ, ನನ್ನನ್ನು ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಮೇಲೆ ಬರೆದದ್ದೆಲ್ಲ ಬಾಯಿಗೆ ಬಂದಿತ್ತು, ದೆವ್ವ, ದೇವರು, ಟ್ರ್ಯಾಕ್ಟರ್. ಆದರೆ ಬೆಳಿಗ್ಗೆಯಿಂದ ಅವ್ವ, ಕೇಳಿದ್ದಕ್ಕಷ್ಟೇ ಉತ್ತರ ಕೊಡು, ತಲೆ ತಗ್ಗಿಸಿರು ಎಂದು ಹೇಳಿ ಹೇಳಿ ನನ್ನನ್ನು ಬಿಗಿ ಮಾಡಿಟ್ಟಿದ್ದಳು. "ಎಲ್ಲಾ ನೋಡ್ತೀನ್ರಿ" ಅಂದೆ. ಅಷ್ಟೇ.  ಅವರು ತಾವೇ, "ನಾ ದುಃಖದ್ ಪಿಚ್ಚರ್ ನೋಡಬಾರದ್ರಿ, ತಡಕೊಳ್ಳಾಕ ಆಗಂಗಿಲ್ಲ. ಆದ್ರೂ ಮತ್ತ ಹೋಗಿ ಕುಂದ್ರತೀನಿ" ಎಂದು ನಕ್ಕರು. ನಾನೂ ಏನಾದರೂ ಹೇಳಬೇಕು ಎನ್ನುವಷ್ಟರಲ್ಲಿ ಅತ್ತೆ ಬಂದಳು.

ಅವರು ಹೋದ ಮೇಲೆ ಮನೆಯಲ್ಲಿ ಅತ್ತೆಯದೇ ಮಾತು. "ತೆರಿ ಮ್ಯಾಗಿನ ಮಂದಿ ಬ್ಯಾರೆ ಆದ್ರ ಇಂವ ಅಳ್ತಾನ. ನಾಳೆ ಗಿರಾಕಿ ಕಣ್ಣೀರ್ ಹಾಕಿದ್ರ ಬಟ್ಟಿ ಥಾನ್ ಪುಕ್ಕಟ ಕೊಟ್ಟು ಕಳಸ್ತಾನ. ಅಳಬುರುಕನ ಕೈಯಾಗ ಹುಡುಗಿ ಕೊಡ್ತೀರೇನು?" ಅಪ್ಪ ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿ ಯೋಚನೆಗೆ ಬಿದ್ದ, ಅದು ನನಗೆ ಹೆದರಿಕೆ ತಂದಿತು. ಅಪ್ಪ ಕೆಟ್ಟವನಲ್ಲ ತಾತ, ನನ್ನನ್ನು ಕೇಳದೆ ಏನೂ ಮಾಡಲಿಲ್ಲ. ಎಲ್ಲರ ಮುಂದೆ ಕೂಡಿಸಿಕೊಂಡು "ನೀ ಏನಂತೀ ಹೇಳವಾ" ಎಂದ. ನಮ್ಮ ಮನೆಗಳಲ್ಲಿ ಅದಕ್ಕೆ ಇರುವುದು ಒಂದೇ ಉತ್ತರ. ಅವ್ವ ಅದನ್ನೇ ಹೇಳಿದ್ದಳಂತೆ, ಅತ್ತೆಯೂ ತನ್ನ ಕಾಲಕ್ಕೆ ಅದನ್ನೇ ಹೇಳಿದ್ದಳಂತೆ. "ನೀ ಹೆಂಗಂತಿ ಹಂಗ ಅಪ್ಪಾ." ನಾನೂ ಅದನ್ನೇ ಹೇಳಿದೆ. ಬೇಕು ಅನ್ನುವವಳೂ ಅದನ್ನೇ ಹೇಳುತ್ತಾಳೆ, ನಾಚಿಕೆಗೆಟ್ಟವಳು ಅನ್ನಿಸಿಕೊಳ್ಳಬಾರದಲ್ಲ. ಅಪ್ಪನ ಮುಖ ಹಗುರವಾಯಿತು. ಸಂಬಂಧ ತಂದ ಬಸ್ಸಪ್ಪನವರಿಗೆ ಆಗಲೇ ಫೋನು ಮಾಡಿ, ಈ ವರ್ಷ ಮದುವೆ ಮಾಡುವ ವಿಚಾರ ಬಿಟ್ಟಿದ್ದೇವೆ ಎಂದುಬಿಟ್ಟ. ಮಗಳಿಗೂ ಮನಸ್ಸಿಲ್ಲ ಎಂದು ಅವ್ವನಿಗೆ ಹೇಳುತ್ತಿದ್ದದ್ದು ಅಡುಗೆಮನೆಯವರೆಗೂ ಕೇಳಿಸಿತು. ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದೆ. ಎದ್ದು ಹೊರಗೆ ಬರಲಿಲ್ಲ.

ಹೋದ ವಾರ ಆ ಪಿಚ್ಚರ್ ಫೋನಿಗೆ ಬಂತು. ಮಧ್ಯಾಹ್ನ ಒಬ್ಬಳೇ ಇದ್ದಾಗ ನೋಡಿದೆ. ಕಾಯಿಪಲ್ಲೆಯ ಚೀಲದ ಜಾಗ ಬಂದಾಗ ಧ್ವನಿ ಇಳಿಸಿದೆ. ಇಳಿಸಲು ಅಲ್ಲಿ ಏನೂ ಇರಲಿಲ್ಲ. ಅವನು ಚಪ್ಪಲಿ ಮೆಟ್ಟಿಕೊಳ್ಳುವಾಗ ನನಗೆ ಎಂಥ ಅಳು ಬಂತೆಂದರೆ, ಪಕ್ಕದ ಮನೆಯ ಮೀರಾಬಿ ಚಾಚಿ ಬಂದು ಕದ ತಟ್ಟಿದರು. ಹೊಟ್ಟೆನೋವು ಎಂದೆ. ಅಷ್ಟು ಜನ ಇದ್ದ ಥಿಯೇಟರಿನಲ್ಲಿ ಅದನ್ನು ಕಂಡವರು ಕರವಸ್ತ್ರ ಹಿಡಿದು ಕೂತಿದ್ದ ಅವರೊಬ್ಬರೇ. ಬಾಯಿ ಬಿಟ್ಟು ಹೇಳದ ದುಃಖ ಅವರ ಕಣ್ಣಿಗೆ ಬೀಳುತ್ತದೆ. ಅಂಥವರ ಮನೆಯಲ್ಲಿ ನಾನು ಎಂದಾದರೂ ಸುಮ್ಮನೆ ಕೂತಿದ್ದರೆ, ಏನಾಯಿತು ಎಂದು ಕೇಳುತ್ತಿದ್ದರು. ಇಲ್ಲಿ ಮೂರು ವಾರದಿಂದ ಸುಮ್ಮನಿದ್ದೇನೆ, ಎಲ್ಲರೂ ನನಗೆ ಈಗ ಬುದ್ಧಿ ಬಂದಿದೆ ಎನ್ನುತ್ತಿದ್ದಾರೆ.

ಬಸ್ಸಪ್ಪನವರು ಮೊನ್ನೆ ಅಂಗಡಿಗೆ ಬಂದಿದ್ದರು. ಲಿಂಗಸೂಗೂರಿನವರು ಗುರುಗುಂಟಾದಲ್ಲಿ ಒಂದು ಹುಡುಗಿ ನೋಡಿಬಂದಿದ್ದಾರಂತೆ, ಇನ್ನೂ ಯಾವುದೂ ಗಟ್ಟಿಯಾಗಿಲ್ಲವಂತೆ. ತಾತ, ನೀನು ಒಮ್ಮೆ ಸಿಂಧನೂರಿಗೆ ಬಾ. ಮಾವನ ಬೈಕ್ ಬೇಡ, ಬಸ್ಸಿನಲ್ಲಿ ಬಾ, ಮುಂದಿನ ಸೀಟು ಕೇಳು. ಅಪ್ಪ ಯಾರ ಮಾತು ಕೇಳದಿದ್ದರೂ ತನ್ನ ಮಾವನವರಾದ ನಿನ್ನ ಮಾತು ತೆಗೆದುಹಾಕುವುದಿಲ್ಲ. ಸಂಬಂಧ ಚೆನ್ನಾಗಿತ್ತಲ್ಲ, ಯಾಕೆ ಬಿಟ್ಟೆ ಎಂದು ನೀನಾಗಿಯೇ ಕೇಳಿದ ಹಾಗೆ ಕೇಳು. ಹುಡುಗ ಅಳಬುರುಕ ಎಂದು ಅಪ್ಪ ಅಂದರೆ, ಅಜ್ಜಿ ಹೋದಾಗ ನೀನು ಎಷ್ಟು ಅತ್ತೆ ಎಂದು ನೆನಪು ಮಾಡಿಕೊಡು. ಆಮೇಲೂ ನಿನ್ನ ಹೊಲ ಮನೆ ನಡೆದೇ ಇವೆ. ನಾನು ಬರೆದೆ ಎಂದು ಹೇಳಬೇಡ. ನನಗೆ ಇದಕ್ಕಿಂತ ಬಿಡಿಸಿ ಬರೆಯಲು ಆಗುತ್ತಿಲ್ಲ, ನೀನೇ ತಿಳಿದುಕೋ.

ಮಾವನಿಗೆ, ಅತ್ತೆಮ್ಮನಿಗೆ ನನ್ನ ನಮಸ್ಕಾರ ಹೇಳು. ಬಿಸಿಲಿಗೆ ತಲೆಗೆ ಟವೆಲ್ ಸುತ್ತದೆ ಹೊರಗೆ ಹೋಗಬೇಡ. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ ಮೊಮ್ಮಗಳು,
ಶಿವರಂಜನಿ

ತಾ.ಕ.: ಗುರುವಾರ ಮಧ್ಯಾಹ್ನ. ಪೋಸ್ಟಿಗೆ ಹಾಕಲು ಹೊರಟಿದ್ದೆ, ಅಪ್ಪ ಊಟಕ್ಕೆ ಬಂದ. ಬಸ್ಸಪ್ಪನವರ ಫೋನು ಬಂದಿತ್ತಂತೆ, ನಿನ್ನೆ ಗುರುಗುಂಟಾದಲ್ಲಿ ಸಕ್ಕರೆ ಹಂಚಿದ್ದಾರೆ, ಅವರ ಮದುವೆ ಗಟ್ಟಿಯಾಗಿದೆ. "ಛಲೋ ಆತು ಬಿಡು, ಒಳ್ಳೆ ಮಂದಿ" ಎಂದು ಅಪ್ಪ ಮನಸಾರೆ ಹೇಳಿದ. ಇನ್ನೊಂದು ರೊಟ್ಟಿ ಕೇಳಿದ, ಹಾಕಿದೆ. ನೀನು ಬರುವುದು ಬೇಡ ತಾತ, ಯಾರಿಗೂ ಏನೂ ಹೇಳುವುದು ಬೇಡ. ಇಷ್ಟಾದ ಮೇಲೆ ಈ ಕಾಗದ ಹರಿದು ಹಾಕಬೇಕಿತ್ತು, ಆದರೂ ಕಳಿಸುತ್ತಿದ್ದೇನೆ. ಅಪ್ಪ ಕೇಳಿದ ದಿನ ಹೇಳಬೇಕಾಗಿದ್ದ ಮಾತನ್ನು ಒಮ್ಮೆಯಾದರೂ ಯಾರಿಗಾದರೂ ಹೇಳಬೇಕು. ನನಗೆ ಹುಡುಗ ಒಪ್ಪಿಗೆ.