ಒರೆಸಿದ ನೆಲ

ರಾಮಾಂಜಿನಿ,

ನಿನ್ನ ಹೊಸ ಹಾಸ್ಟೆಲಿನ ವಿಳಾಸ ನನಗೆ ಬೇಕಿಲ್ಲ, ಹಾಗಾಗಿ ಇದು ನಿನ್ನನ್ನು ಮುಟ್ಟುವುದಿಲ್ಲ. ‘ಶಿಕ್ಷಣ ಮಾರಾಟಕ್ಕಿಲ್ಲ’ ಎಂಬ ಕರಪತ್ರವನ್ನು ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ನನ್ನೊಡನೆ ಹಂಚಿದವನು ನೀನು. ಅಂಥ ನೀನೇ ಪುಕ್ಕಟೆ ಸೀಟಿಗಾಗಿ ನಮ್ಮ ಬಾಸ್ಕೆಟ್‌ಬಾಲ್ ತಂಡ ಬಿಟ್ಟು ಬಳ್ಳಾರಿಯ ಶ್ರೀಮಂತ ಕಾಲೇಜಿಗೆ ಹೋದೆ. ಇಂದು, ಆ ಕಾಲೇಜಿನ ಮೇಲೆ ನಾವಾಡಿದ ಈ ಸೀಸನ್ನಿನ ಕೊನೆಯ ಪಂದ್ಯದಲ್ಲಿ, ಅವರು ನಿನ್ನನ್ನು ಆಡಿಸಲೇ ಇಲ್ಲ. ಕೊನೆಯ ವಿರಾಮದಲ್ಲಿ ನೀನು ನನ್ನ ಬಳಿಗೆ ನೀರಿನ ಬಾಟಲಿ ತಂದೆ.

“ನೀರು ಹೊರಾಕ ಕೊಂಡಾರೇನಲೇ ನಿನ್ನ?” ಎಂದೆ ನಾನು. ನಮ್ಮವರೆಲ್ಲ ನಕ್ಕರು.

“ಕುಡೀಲೇ, ಬಾಯಿ ಒಣಗೈತಿ ನಿಂದು,” ಎಂದೆ ನೀನು.

ನೀರನ್ನೆಲ್ಲ ನಾನು ಅಂಕಣದ ಗೆರೆಯೊಳಗೆ, ನಿನ್ನ ಪಾದದ ಬಳಿಯೇ ಸುರಿದೆ. ನೀನು ಮಂಡಿಯೂರಿ, ಹೆಗಲ ಮೇಲಿದ್ದ ಟವೆಲಿನಿಂದ ನೆಲ ಒರೆಸಿದೆ.

ಗೆಲುವಿನ ಬಾಸ್ಕೆಟ್ಟನ್ನು ನಾನು ನೀನು ಒರೆಸಿದ ಆ ಜಾಗದಲ್ಲಿ ನಿಂತೇ ಹಾಕಿದೆ. ಕಾಲು ಜಾರಲಿಲ್ಲ.